ಶೂನ್ಯ ಟಿಕೆಟ್ಟಿನ ಸಂಸಾರ

2023ರ ಫೆಬ್ರವರಿಯಲ್ಲಿ ಸೋಗಾನೆಗೆ ವಿಮಾನ ನಿಲ್ದಾಣ ಬಂತು. ಶಿವಮೊಗ್ಗದವರೂ ಭದ್ರಾವತಿಯವರೂ ತಲೆಯೆತ್ತಿ ನೋಡುತ್ತೇವೆ. ನೋಡಲು ಟಿಕೆಟ್ ಬೇಡ. ರಜೆಗೆ ಮಾತ್ರ ಕೆಂಪು ಬಸ್ಸೇ. ಅದೇ ವರ್ಷ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾಗಿ ಹೆಂಡತಿ, ಮಗಳು, ಅತ್ತೆ ಮೂವರಿಗೂ ಶೂನ್ಯ ಟಿಕೆಟ್. ಕಂಡಕ್ಟರ್ ದುಡ್ಡು ಕೇಳುವುದು ನನ್ನೊಬ್ಬನನ್ನೇ.

"ನೀವು ಮನೇಲೇ ಇದ್ರೆ ಪ್ರವಾಸ ಪೂರ್ತಿ ಪುಕ್ಕಟೆ ಅಲ್ವೇನ್ರೀ?" ಎಂದಳು ಇವಳು. ಲೆಕ್ಕ ಸರಿಯಾಗಿದೆ, ಅದೇ ಬೇಜಾರು.

ಹಾಗಾಗಿ ನನ್ನ ವೋಟು ತಾಳಗುಪ್ಪ ರೈಲಿಗೆ. ಭದ್ರಾವತಿಯಲ್ಲಿ ಹತ್ತಿದರೆ ಜೋಗದ ಹತ್ತಿರಕ್ಕೇ ಒಯ್ಯುತ್ತದೆ. ಗಂಡಸೆಂಬ ಕಾರಣಕ್ಕೆ ದಂಡವಿಲ್ಲ. ತಂಗಲು ಸಾಗರದ ಚಿಕ್ಕಮ್ಮನ ಮನೆ. ಬಾಡಿಗೆಯಿಲ್ಲ, ಆದರೆ "ಮಗಳಿಗೆ ಗಂಡು ನೋಡ್ತಿದೀರಾ?" ಎಂಬುದಕ್ಕೆ ಹೊತ್ತುಹೊತ್ತಿಗೂ ಉತ್ತರ ಕೊಡಬೇಕು. ಲಾಡ್ಜಿನವರು ಹೊತ್ತಾದರೆ ಹೊರಡಿಸುತ್ತಾರೆ. ಚಿಕ್ಕಮ್ಮ ಪತ್ರೊಡೆ ಬೇಯಲಿಟ್ಟು ರೈಲನ್ನೇ ತಪ್ಪಿಸುತ್ತಾರೆ.