ರಾಜ್ಯಶಾಸ್ತ್ರದ ಮೌಲ್ಯಮಾಪಕರಿಗೊಂದು ಬಿನ್ನಹ

ಮಾನ್ಯ ಮೌಲ್ಯಮಾಪಕ ಮಹಾಶಯರೆ,

ದ್ವಿತೀಯ ಪಿಯುಸಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗನು 2025ರ ಆದಿಯಲ್ಲಿ ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಗೆ ಬರೆದ ರಾಜ್ಯಶಾಸ್ತ್ರದ ಉತ್ತರಪತ್ರಿಕೆಯು ತಮ್ಮ ಕೆಂಪು ಶಾಯಿಯಿಂದ ಪುನೀತವಾಗಿ ಮನೆಗೆ ಬಂದಂದಿನಿಂದ, ಈ ಶಾಸ್ತ್ರದಲ್ಲಿ ಅಂಕಗಳು ಹೇಗೆ ಉದ್ಭವಿಸುತ್ತವೆಂಬ ಜಿಜ್ಞಾಸೆಯು ನನ್ನ ನಿದ್ರೆಯನ್ನು ಅಪಹರಿಸಿದೆ. ಕಾಲೇಜಿನ ಹೆಸರು ಬೇಡ. ಮೊಮ್ಮಗನ ಹೆಸರಂತೂ ಬೇಡವೇ ಬೇಡ, ಅವನಿಗಿನ್ನೂ ಮದುವೆಯಾಗಬೇಕು.

ಲಿಖಿತಕ್ಕೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಎಂಬುದು ನನಗೆ ಸುಲಭವಾಗಿ ತಿಳಿಯಿತು. ಐದಂಕದ ಪ್ರಶ್ನೆಗೆ 15ರಿಂದ 20 ವಾಕ್ಯಗಳಲ್ಲಿಯೂ ಹತ್ತಂಕದ ಪ್ರಶ್ನೆಗೆ 30ರಿಂದ 40 ವಾಕ್ಯಗಳಲ್ಲಿಯೂ ಉತ್ತರಿಸತಕ್ಕದ್ದೆಂಬ ವಿಧಿಯನ್ನು ಓದಿದಾಗ ಮಾತ್ರ ಸ್ವಲ್ಪ ಬೆರಗಾದೆನು. ಪ್ರಜಾಪ್ರಭುತ್ವದ ಸಂಕಟಗಳನ್ನು ಇಪ್ಪತ್ತೊಂಬತ್ತು ವಾಕ್ಯಗಳಲ್ಲಿ ಹೇಳಿ ಮುಗಿಸಿದವನು ಅಲ್ಪಜ್ಞನೆಂದೂ ನಲವತ್ತೊಂದಕ್ಕೆ ಎಳೆದವನು ವಾಚಾಳಿಯೆಂದೂ ತಿಳಿಯಬೇಕಷ್ಟೆ.

ಪಕ್ಷಾಂತರ ನಿಷೇಧ ಕಾನೂನನ್ನು ವಿಮರ್ಶಿಸಿರೆಂದು ಹತ್ತಂಕದ ಪ್ರಶ್ನೆಯೊಂದಿತ್ತು. ಹುಡುಗನು ಸ್ಕೇಲಿಟ್ಟು ಪೆನ್ಸಿಲಿನಿಂದ ಅಡಿಗೆರೆ ಎಳೆದಿದ್ದ 'ಪೀಠಿಕೆ' ಎಂಬ ಪದದ ಮಗ್ಗುಲಲ್ಲಿ ತಮ್ಮದೊಂದು ಸರಿಗುರುತು, ಅರ್ಧ ಅಂಕ. 1985, 52ನೆಯ ತಿದ್ದುಪಡಿ, ಹತ್ತನೆಯ ಅನುಸೂಚಿ, ಇವುಗಳ ಮಗ್ಗುಲಲ್ಲಿ ಒಂದೊಂದು ಗುರುತು. 'ಉಪಸಂಹಾರ' ಎಂಬ ಪದದ ಕೆಳಗೆ ಅವನು ಏನನ್ನೂ ಬರೆದಿರಲಿಲ್ಲ, ಆದರೂ ಆ ಪದದ ಗೌರವಾರ್ಥ ಇನ್ನರ್ಧ. ನಡುವೆ ಹನ್ನೊಂದು ಸಾಲುಗಳ ಮೇಲೆ ಓರೆಯಾಗಿ ಒಂದು ಗೆರೆ, ಅಂಚಿನಲ್ಲಿ 'ಪಠ್ಯದಲ್ಲಿಲ್ಲ' ಎಂಬ ಷರಾ.

ಪಠ್ಯದಲ್ಲಿಲ್ಲದಿರುವುದು ನಿಜ. 2018ರ ರಾಮನಗರದ ಉಪಚುನಾವಣೆಯಲ್ಲಿ ಮತದಾನಕ್ಕೆ ಎರಡೇ ದಿನಗಳಿರುವಾಗ ಭಾಜಪದ ಅಭ್ಯರ್ಥಿಯೇ ಕಣವನ್ನು ತ್ಯಜಿಸಿ ಕಾಂಗ್ರೆಸ್ಸಿಗೆ ಮರಳಿದುದನ್ನೂ, ಮಾಗಡಿಯಲ್ಲಿ 2013ರಲ್ಲಿ ಸೆಣಸಿದ ಇಬ್ಬರೇ 2018ರಲ್ಲಿ ಪರಸ್ಪರರ ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಸೆಣಸಿದುದನ್ನೂ, ನಮ್ಮ ಚನ್ನಪಟ್ಟಣದಲ್ಲಿ ಸ್ವತಂತ್ರರಾಗಿಯೂ ಕಾಂಗ್ರೆಸ್ಸಿಗರಾಗಿಯೂ ಭಾಜಪದವರಾಗಿಯೂ ಸಮಾಜವಾದಿಯಾಗಿಯೂ ಗೆದ್ದಿದ್ದ ಯೋಗೇಶ್ವರರು 2024ರ ನವೆಂಬರಿನಲ್ಲಿ ಪುನಃ ಕಾಂಗ್ರೆಸ್ಸಿನಿಂದ 25,413 ಮತಗಳ ಅಂತರದಲ್ಲಿ ಗೆದ್ದುದನ್ನೂ ವಿವರಿಸಿ, ಆ ಕಾನೂನು ಚುನಾಯಿತ ಸದಸ್ಯನನ್ನು ಹಿಡಿಯುತ್ತದೆಯೇ ಹೊರತು ಅಭ್ಯರ್ಥಿಯ ನೆರಳನ್ನೂ ಮುಟ್ಟಲಾರದೆಂದು ಅವನು ಬರೆದಿದ್ದನು. ಪ್ರಶ್ನೆಯಲ್ಲಿ 'ವಿಮರ್ಶಿಸಿ' ಎಂದಿದ್ದುದನ್ನು ಅಕ್ಷರಶಃ ನಂಬಿದ್ದೇ ಅವನ ಅಪರಾಧವೆಂದು ತೋರುತ್ತದೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ತಾವು ಎಂದಾದರೂ ದಯಮಾಡಿಸಿದ್ದುಂಟೋ? ಅಲ್ಲಿ ಕೊಳ್ಳುವವನು ರಾಶಿಯಿಂದ ಒಂದು ಹಿಡಿ ಗೂಡನ್ನೆತ್ತಿ, ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳುವಿನ ಸಮಾಚಾರವನ್ನು ತಿಳಿದ ಮೇಲೆಯೇ ಹರಾಜಿನಲ್ಲಿ ಬೆಲೆ ಹೇಳುತ್ತಾನೆ. ಮಾದರಿ ಉತ್ತರದ ಹಾಳೆಯೊಡನೆ ತಾಳೆ ನೋಡಿ ಬೆಲೆ ಕಟ್ಟುವ ಪದ್ಧತಿ ಅಲ್ಲಿಗಿನ್ನೂ ಬಂದಿಲ್ಲ.

ಹಾಗೆಂದು ಈ ಸೀಮೆಯವರು ರಾಜ್ಯಶಾಸ್ತ್ರದಲ್ಲಿ ದಡ್ಡರೆಂದು ಭಾವಿಸಲಾಗದು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಹುಟ್ಟಿದ್ದು ಇಲ್ಲಿಯ ಲಕ್ಕಪ್ಪನಹಳ್ಳಿಯಲ್ಲಿ. 1983ರಲ್ಲಿ ಶಾಸಕರಾಗದೆಯೇ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರನ್ನು ಆರು ತಿಂಗಳ ಗಡುವಿನೊಳಗೆ ವಿಧಾನಸಭೆಗೆ ಕಳುಹಿಸಿದವರು ಕನಕಪುರದ ಮತದಾರರು. ದೇವೇಗೌಡರು 1994ರಲ್ಲಿ ಗೆದ್ದದ್ದು ರಾಮನಗರದಿಂದ. ಒಂದಕ್ಕಿಂತ ಹೆಚ್ಚು ಪರೀಕ್ಷೆಗೆ ಕುಳಿತುಕೊಳ್ಳುವ ವಿದ್ಯೆಯೂ ಈ ಸೀಮೆಗೆ ಹೊಸದಲ್ಲ. 2024ರಲ್ಲಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಮೂರು ಪರೀಕ್ಷೆಗಳನ್ನಿಟ್ಟು, ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಬಹುದೆಂದು ಸರ್ಕಾರವು ಔದಾರ್ಯ ತೋರಿತಲ್ಲವೆ? ಕುಮಾರಸ್ವಾಮಿಯವರು 2018ರಲ್ಲಿಯೇ ರಾಮನಗರ, ಚನ್ನಪಟ್ಟಣಗಳೆರಡರಲ್ಲಿಯೂ ಪರೀಕ್ಷೆಗೆ ಕುಳಿತು, ಎರಡರಲ್ಲಿಯೂ ಉತ್ತೀರ್ಣರಾಗಿ, ಚನ್ನಪಟ್ಟಣವನ್ನು ಉಳಿಸಿಕೊಂಡಿದ್ದರು.

ಇನ್ನೊಂದು ಸಂಗತಿ. ಮೊಮ್ಮಗನು 'ರಾಮನಗರ ಜಿಲ್ಲೆ' ಎಂದು ಬರೆದುದಕ್ಕೆ ತಾವು ಸರಿಗುರುತು ಹಾಕಿ ಅರ್ಧ ಅಂಕ ಕೊಟ್ಟಿದ್ದೀರಿ. 2025ರ ಮೇ ತಿಂಗಳಲ್ಲಿ ಸರ್ಕಾರವು ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ನಾಮಕರಣ ಮಾಡಿತು. ಆ ಅರ್ಧ ಅಂಕವನ್ನು ಬೇಕಾದರೆ ಹಿಂದಕ್ಕೆ ತೆಗೆದುಕೊಳ್ಳಿ. ಅದಕ್ಕೆ ಪ್ರತಿಯಾಗಿ, ಗೆರೆ ಎಳೆದ ಆ ಹನ್ನೊಂದು ಸಾಲುಗಳನ್ನು ಬಿಡುವಾದಾಗ ಒಮ್ಮೆ ಓದಬೇಕೆಂದು ಪ್ರಾರ್ಥನೆ.

ಇತಿ ತಮ್ಮ ವಿಧೇಯ,
ಚನ್ನಪಟ್ಟಣದ ಮತದಾರ