ಡಬ್ಬದೊಳಗಿನ ದವಾಖಾನೆ

ತುರ್ತು ಪರಿಸ್ಥಿತಿಗೆ ನಾವು ಸದಾ ಸನ್ನದ್ಧರು. ಅನುಮಾನವಿದ್ದರೆ ಯಾವುದೇ ಮಧ್ಯಮವರ್ಗದ ಮನೆಯ ಫ್ರಿಜ್ಜಿನ ಮೇಲಿರುವ ಸ್ವೀಟ್ ಡಬ್ಬ ಇಳಿಸಿ ನೋಡಿ. ಯಾರದೋ ಗೃಹಪ್ರವೇಶದ ಮೈಸೂರುಪಾಕು ಬಂದಿದ್ದ ಆ ಡಬ್ಬದಲ್ಲಿ ಈಗ ಇಡೀ ವಂಶದ ಕಾಯಿಲೆಗಳು ಕೂಡುಕುಟುಂಬವಾಗಿ ಬಾಳುತ್ತಿವೆ. ತಾತನ ತಿಥಿ ಮೂರಾದರೂ ಅವರ ಬಿಪಿ ಮಾತ್ರೆ ಇನ್ನೂ ಇದೆ. ತೆರೆದ ಮೇಲೆ ತಿಂಗಳೊಳಗೆ ಮುಗಿಸಬೇಕಾದ ಕಣ್ಣಿನ ಡ್ರಾಪ್ಸ್ ಹೋದ ದೀಪಾವಳಿಯಿಂದ ಇದೆ. ಎಲ್ಲದರ ಮೇಲೂ ‘ತಂಪಾದ, ಒಣ ಜಾಗದಲ್ಲಿಡಿ’ ಎಂದು ಅಚ್ಚಾಗಿದೆ. ಫ್ರಿಜ್ಜಿನ ಮೇಲೇ ಇಟ್ಟಿದ್ದೇವಲ್ಲ, ಇನ್ನೆಷ್ಟು ತಂಪು ಬೇಕು?

ಅವಧಿ ಮುಗಿದಿದೆಯೇ ಎಂದು ಮಾತ್ರ ಕೇಳಬೇಡಿ. ಅಂಗಡಿಯವರು ಕತ್ತರಿ ಹಿಡಿದು ನಾಲ್ಕೇ ಮಾತ್ರೆ ಕೊಟ್ಟಾಗ ಎಕ್ಸ್‌ಪೈರಿ ಡೇಟಿನ ತುದಿ ಅಂಗಡಿಯಲ್ಲೇ ಉಳಿದಿರುತ್ತದೆ. ಹೀಗಾಗಿ ನಮ್ಮ ಮಾತ್ರೆಗಳಿಗೆ ಸಾವಿಲ್ಲ.

ಈ ದಾಸ್ತಾನನ್ನು ಯಾರೂ ಆಪತ್ತಿಗೆಂದು ಕೊಂಡು ತಂದದ್ದಲ್ಲ. ಇದು ಉಳಿತಾಯ. ಡಾಕ್ಟರು ಐದು ದಿನದ ಆಂಟಿಬಯಾಟಿಕ್ ಬರೆಯುತ್ತಾರೆ, ಎರಡನೇ ದಿನ ಜ್ವರ ಬಿಡುತ್ತದೆ, ಮೂರು ದಿನದ ಮಾತ್ರೆ ಡಬ್ಬಕ್ಕೆ ಜಮಾ. ಅರೆಜೀವವಾದ ಬ್ಯಾಕ್ಟೀರಿಯಾ ಒಳಗೆ ಕೂತು ಔಷಧಿಯನ್ನು ಎದುರಿಸುವ ಪಾಠ ಕಲಿಯುತ್ತದೆ. ಹೊರಗೆ ನಾವು ದುಡ್ಡು ಉಳಿಯಿತೆಂದು ಹಿಗ್ಗುತ್ತೇವೆ. ಇಂಥ ಔಷಧಿಗಳ ಸ್ಟ್ರಿಪ್ ಮೇಲಿನ ಕೆಂಪು ಗೆರೆ ನೋಡಿ ಎಚ್ಚರ ವಹಿಸಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಪ್ರಚಾರ ಮಾಡಿತು. ನಾವು ಅದನ್ನು ಡಿಸೈನ್ ಎಂದುಕೊಂಡೆವು. 2014ರಿಂದ, ಹಲವು ಆಂಟಿಬಯಾಟಿಕ್‌ಗಳಿರುವ ‘ಎಚ್1’ ಪಟ್ಟಿಯ ಔಷಧಿ ಮಾರುವವರು ರೋಗಿಯ ಹೆಸರು, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮವಿದೆ. ಸ್ವೀಟ್ ಡಬ್ಬಕ್ಕೆ ರಿಜಿಸ್ಟರಿಲ್ಲ. ಅಲ್ಲಿ ಅತ್ತೆಯೇ ಡಾಕ್ಟರು, ಅತ್ತೆಯೇ ಫಾರ್ಮಸಿಸ್ಟು: “ಗಂಟಲು ಕೆರೀತಿದ್ಯೇನೋ? ತಗೋ, ಇದು ನಮ್ಮ ಪುಟ್ಟಿಗೆ ಕೊಟ್ಟಿದ್ದು. ಭಾರಿ ಪವರ್ ಇದೆ.”

ಕೊರೊನಾ ಬಂದಾಗ ಈ ಗೃಹವಿದ್ಯೆಗೆ ರಾಷ್ಟ್ರೀಯ ಮನ್ನಣೆ ಸಿಕ್ಕಿತು. 2020ರಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್, 2021ರಲ್ಲಿ ಐವರ್‌ಮೆಕ್ಟಿನ್, ಎರಡೂ ವರ್ಷ ಅಜಿಥ್ರೋಮೈಸಿನ್. ವಾಟ್ಸಾಪಿನಲ್ಲಿ ಪಟ್ಟಿ ಬಂತು, ಅಂಗಡಿ ಬರಿದಾಯಿತು, ಡಬ್ಬ ತುಂಬಿತು. ಲೂಪಸ್, ಕೀಲುವಾತಕ್ಕೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ನನ್ನೇ ನಂಬಿದ್ದವರು ಅಂಗಡಿ ಅಂಗಡಿ ಅಲೆದರು. ಅವರದು ಬರೀ ಕಾಯಿಲೆ, ನಮ್ಮದು ಮುನ್ನೆಚ್ಚರಿಕೆ. ಆಗ ಕೊಂಡ ಆಕ್ಸಿಮೀಟರ್ ಇವತ್ತಿಗೂ ಇದೆ. ಅದರ ಸೆಲ್ಲು ಟಿವಿ ರಿಮೋಟಿನಲ್ಲಿದೆ.

ಬೆಂಗಳೂರಿನದೇ ಕಂಪನಿಯ ಡೋಲೋ 650 ಅಂತೂ ಆಗ ಚಕ್ಕುಲಿ ಕೋಡುಬಳೆಗಳ ಸಾಲಿಗೆ ಸೇರಿತು. ಜ್ವರದ ಮಾತ್ರೆ, ಹಲವು ಶೀತದ ಮಾತ್ರೆ, ಹಲವು ಮೈಕೈನೋವಿನ ಮಾತ್ರೆ, ಎಲ್ಲದರಲ್ಲೂ ಇರುವುದು ಅದೇ ಪ್ಯಾರಾಸಿಟಮಾಲ್. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಿದರೆ ಲಿವರಿಗೆ ಅಪಾಯ. ಆದರೆ ಡಬ್ಬದ ಅಂಕಗಣಿತದಲ್ಲಿ ಮೂರು ಬಣ್ಣದ ಮಾತ್ರೆ ಎಂದರೆ ಮೂರು ಬೇರೆ ಔಷಧಿ.

ಇಷ್ಟೆಲ್ಲ ಇರುವಲ್ಲಿ ಓಆರ್‌ಎಸ್ ಪೊಟ್ಟಣ ಇರುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಕಾಲರಾ ರೋಗಿಗಳನ್ನು ಉಳಿಸಿಕೊಂಡದ್ದು ಉಪ್ಪು, ಗ್ಲೂಕೋಸು, ಸೋಡಾ ಕರಗಿಸಿದ ನೀರಿನಿಂದ. ಇಷ್ಟು ಅಗ್ಗದ ವಸ್ತುವನ್ನು ಮರ್ಯಾದಸ್ಥರು ಮನೆಯಲ್ಲಿಡುವುದುಂಟೇ? ಗಾಯಕ್ಕೆ ಸುತ್ತಲು ಗಾಜ್ ಬಟ್ಟೆಯೂ ಇಲ್ಲ. ಅಮೆರಿಕದ ಮಗ ತಂದ ಐನೂರು ಮಾತ್ರೆಯ ಟೈಲೆನಾಲ್ ಡಬ್ಬಿ ಇದೆ. ಅದನ್ನು ಯಾರೂ ಒಡೆಯುವಂತಿಲ್ಲ, ನೆಂಟರು ಬಂದಾಗ ತೋರಿಸಬೇಕು. ಹಿಂದಿರುಗುವಾಗ ಆ ಮಗ ಇಲ್ಲಿನ ಡೋಲೋ, ಆಂಟಿಬಯಾಟಿಕ್ಕುಗಳನ್ನು ಚಟ್ನಿಪುಡಿಯ ಪಕ್ಕ ಪ್ಯಾಕ್ ಮಾಡಿಸಿಕೊಂಡು ಹೋಗುತ್ತಾನೆ.

ಕೊನೆಗೊಂದು ರಾತ್ರಿ ನಿಜವಾದ ತುರ್ತು ಬಂದೇ ಬರುತ್ತದೆ. ದೊಡ್ಡಪ್ಪನಿಗೆ ಎದೆ ಹಿಂಡುತ್ತದೆ, ಎಡಗೈ ಸೆಳೆಯುತ್ತದೆ, ಬೆವರು ಕಿತ್ತುಕೊಳ್ಳುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಒಂದೇ ರೋಗನಿರ್ಣಯ: ಗ್ಯಾಸ್ಟ್ರಿಕ್. ಡಬ್ಬ ಇಳಿಯುತ್ತದೆ. ಮೊದಲು ಜೆಲುಸಿಲ್. ಹತ್ತು ನಿಮಿಷ ಬಿಟ್ಟು ಈನೋ. ಆಮೇಲೆ ಪ್ಯಾನ್-ಡಿ. ನಡುವೆ ಓಮದ ಕಷಾಯ, ಎದೆಗೆ ಅಮೃತಾಂಜನ. “ರಾತ್ರಿ ಹಲಸಿನಹಣ್ಣು ಬೇಡ ಅಂದೆ, ಕೇಳಿದ್ರಾ?” ಎಂದು ದೊಡ್ಡಮ್ಮ. 2025ರ ಜುಲೈಯಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಸಾಲು ನಿಂತಿತ್ತಲ್ಲ, ಈ ಮನೆಯವರೂ ಅದರಲ್ಲಿದ್ದರು. ಎಲ್ಲರಿಗೂ ನಾರ್ಮಲ್ ಬಂದಿತ್ತು, ಹಾಗಾಗಿ ಇದು ಹಾರ್ಟ್ ಆಗಿರಲು ಸಾಧ್ಯವೇ ಇಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅದು ಬೇಗ ಹೋದವರಿಗೆ. ನಮಗೆ ಡಬ್ಬ ತಳ ಕಾಣುವವರೆಗೆ 108 ನೆನಪಾಗುವುದಿಲ್ಲ.

ಕ್ಯಾಶುವಾಲಿಟಿಯಲ್ಲಿ ಡಾಕ್ಟರು ಕೇಳುತ್ತಾರೆ: “ಮನೇಲಿ ಏನಾದ್ರೂ ಮಾತ್ರೆ ಕೊಟ್ರಾ?”

“ಜಾಸ್ತಿ ಏನೂ ಇಲ್ಲ ಸಾರ್. ಬಿಳೀದು ಒಂದು, ಗುಲಾಬೀದು ಎರಡು, ಪಕ್ಕದ ಮನೆಯವರ ಹಾರ್ಟಿಂದು ಅರ್ಧ.”