ನ್ಯಾಯಬೆಲೆಯ ಸೌತೆಕಾಯಿ

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆದಾಗ ನಮ್ಮ ಮನೆಯ ಸಾಂಬಾರಿನಿಂದ ಕ್ಯಾರೆಟ್ ಕಾಣೆಯಾಯಿತು. ಬೇರೆಯವರಾದರೆ ಒಂದು ವಾರ ತಿಮರೆ ತಂಬುಳಿ ಉಂಡು ಸುಮ್ಮನಿರುತ್ತಿದ್ದರು. ನಾನು ನಿವೃತ್ತ ಮಾಷ್ಟ್ರು. ಮೂವತ್ತು ವರ್ಷ ಸಮಾಜ ವಿಜ್ಞಾನ ಹೇಳಿದವನಿಗೆ ಸಾಂಬಾರಿನ ತಳದಲ್ಲೂ ಸಮಾಜವೇ ಕಾಣುತ್ತದೆ. ಘಟ್ಟದ ಲಾರಿ ಇಳಿಯದಿದ್ದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನ ಸೊಪ್ಪು ತರಕಾರಿಗೆ ಆಕಾಶ ನೋಡಬೇಕೇ?

ಈ ಪ್ರಶ್ನೆ ನನ್ನ ತಲೆಯಲ್ಲಿ ಕಾವಿಗೆ ಕೂತು ಮರಿಯಾಗುವಷ್ಟರಲ್ಲಿ ಕೊರೋನಾ ಬಂದು ಹೋಗಿತ್ತು. ಅಷ್ಟರಲ್ಲಿ ಓದಿ ಕೆಟ್ಟಿದ್ದೆ. ಬೆಳ್ತಂಗಡಿ ತಾಲೂಕಿನ ಮಿತ್ತಬಾಗಿಲಿನಲ್ಲಿ ಅಮೈ ದೇವರಾಯರು ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಗದ್ದೆಯಲ್ಲೇ ಉಳಿಸಿಕೊಂಡು ಬಂದವರು. ಮಂಗಳೂರಿನಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗದವರು ಭಾನುವಾರದ ಸಂತೆಯನ್ನೇ ನಡೆಸಿದ್ದಾರೆ. ಇವರೆಲ್ಲ ಮಾಡುವಾಗ ನನಗೆ ಏನು ಧಾಡಿ? ನಮ್ಮ ಸಿದ್ಧಕಟ್ಟೆಯಿಂದ ಬಂಟ್ವಾಳಕ್ಕೂ ಮೂಡುಬಿದಿರೆಗೂ ವೇಣೂರಿಗೂ ದಾರಿ ಉಂಟು. ಮೂರು ಕಡೆಯ ಬೆಳೆಗಾರರಿಂದ ಸರಿಯಾದ ಬೆಲೆಗೆ ಕೊಂಡು ಸರಿಯಾದ ಬೆಲೆಗೆ ಮಾರುವುದು. ಪೇಟೆಯಲ್ಲಿ ಒಂದು ಕೋಣೆ ಹಿಡಿದು ಬೋರ್ಡು ಬರೆಸಿದೆ: ‘ನ್ಯಾಯಬೆಲೆ – ಊರ ತರಕಾರಿ’.

ಮೊದಲ ದಿನ ಬೆಳಿಗ್ಗೆ ಏಳಕ್ಕೇ ಸಾಲು. ಎದೆ ಉಬ್ಬಿತು. ಸಾಲಿನ ಮುಂದಿದ್ದ ಅಜ್ಜ ಚೀಲದಿಂದ ರೇಷನ್ ಕಾರ್ಡು ತೆಗೆದು ನನ್ನ ಮುಂದಿಟ್ಟು, ಬಲಗೈಯ ಹೆಬ್ಬೆರಳನ್ನು ಪಂಚೆಗೆ ಒರಸಿಕೊಂಡು, “ಹೆಬ್ಬೆಟ್ಟು ಎಲ್ಲಿ ಒತ್ತುವುದು ಮಾಷ್ಟ್ರೇ? ಈ ತಿಂಗಳು ಕುಚ್ಚಲಕ್ಕಿಯಾ, ಬೆಳ್ತಿಗೆಯಾ?” ಎಂದು ಕೇಳಿದ. ನ್ಯಾಯಬೆಲೆ ಎಂಬ ಶಬ್ದವನ್ನು ಸರ್ಕಾರ ನನಗಿಂತ ಮೊದಲೇ ಗುತ್ತಿಗೆಗೆ ತೆಗೆದುಕೊಂಡದ್ದು ನನಗೆ ಹೊಳೆದೇ ಇರಲಿಲ್ಲ. ಇಲ್ಲಿ ಅಕ್ಕಿ ಇಲ್ಲ, ಅಲಸಂಡೆ ಮಾತ್ರ ಎಂದಾಗ ಸಾಲು ಕರಗಿತು. ಅಜ್ಜ ಮಾತ್ರ ನಿಂತು, “ಅಲಸಂಡೆ ಒಬ್ಬರಿಗೆ ಎಷ್ಟು ಕಿಲೋ ಫ್ರೀ?” ಎಂದ.

ಖರೀದಿಯ ಕತೆ ಇನ್ನೂ ಚಂದ. ವೇಣೂರು ಕಡೆಯ ಒಬ್ಬರ ಗದ್ದೆಗೆ ಹೋಗಿ ಅರ್ಧ ಗಂಟೆ ಭಾಷಣ ಬಿಗಿದೆ. ಅಪ್ಪನ ಕಾಲದಲ್ಲಿ ಬೈಲು ಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದು, ನಾವು ಅದನ್ನೆಲ್ಲ ಕಳೆದುಕೊಂಡೆವು ಎಂದೆಲ್ಲ. ಅವರು ಮುಟ್ಟಾಳೆ ತೆಗೆದು ತಲೆ ಕೆರೆದುಕೊಂಡು ಶಾಂತವಾಗಿ ಕೇಳಿದರು: “ಹೌದು ಮಾಷ್ಟ್ರೇ. ಈಗ ನಿಮ್ಮ ಬೈಲಿನಲ್ಲಿ ಎಂಥ ಉಂಟು?”

ಅಡಿಕೆ ಉಂಟು. ಮಣ್ಣು ತುಂಬಿಸಿ ನೆಟ್ಟವನು ನಾನೇ. ಆ ನಾಚಿಕೆಗೆ, ಕಿಲೋಗೆ ಹನ್ನೆರಡು ರೂಪಾಯಿಗೆ ಹೋಗುತ್ತಿದ್ದ ಅವರ ಸೌತೆಗೆ ಇಪ್ಪತ್ತೈದು ಕೊಟ್ಟು ಮೂರು ಕ್ವಿಂಟಾಲ್ ಹೊತ್ತು ತಂದೆ. ರಿಕ್ಷಾ ಟೆಂಪೋದ ಬಾಡಿಗೆ ಬೇರೆ.

ಪತ್ತನಾಜೆ ಹತ್ತಿರ ಬಂದಿತ್ತು. ಆ ಹೊತ್ತಿಗೆ ನಮ್ಮ ಕಡೆ ಯಾವ ಮನೆಯ ಜಗಲಿಯಲ್ಲಿ ಕತ್ತೆತ್ತಿದರೂ ಸೌತೆಕಾಯಿ ನೇತಾಡುತ್ತಿರುತ್ತದೆ, ಮಳೆಗಾಲ ದಾಟಿಸಲು. ಇದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಆದರೂ ಇದೇ ಊರಿನವರಿಗೆ ಸೌತೆ ಮಾರಲು ಹೊರಟೆ! ಮೂಡುಬಿದಿರೆಯ ಫ್ಲ್ಯಾಟಿನವರಿಗೆ ಅಲಸಂಡೆ ಒಯ್ದರೆ ಅಲ್ಲೊಬ್ಬರು ಹುಳು ತೋರಿಸಿದರು. ಹುಳು ಇದ್ದರೆ ವಿಷ ಇಲ್ಲ ಎಂದರ್ಥ ಅಂದೆ. “ಹಾಗಾದರೆ ಹುಳದ ತೂಕ ಕಳೆದು ಹೇಳಿ” ಎಂದರು.

ಉಳಿದ ಸೌತೆಯನ್ನು ನಮ್ಮ ಜಗಲಿಯ ಪಕ್ಕಾಸಿಗೆ ಕಟ್ಟಿದೆ. ಬಾಳೆನಾರಿನ ಗಂಟು ಹಾಕುವುದು ಪುಸ್ತಕದಲ್ಲಿ ಇರುವುದಿಲ್ಲ. ರಾತ್ರಿ ಎರಡು ಗಂಟೆಗೆ ಧಡ್. ಕಳ್ಳ ಎಂದು ಟಾರ್ಚ್ ಹಿಡಿದು ಹೋದರೆ ಎರಡು ಕಿಲೋದ ಸೌತೆ ನನ್ನ ಆರಾಮಕುರ್ಚಿಯಲ್ಲಿ ಸುಖವಾಗಿ ಕೂತಿತ್ತು. ಆಮೇಲೆ ದಿನಕ್ಕೊಂದು. ಬಿದ್ದದ್ದನ್ನೆಲ್ಲ ತಿನ್ನಲೇಬೇಕಲ್ಲ: ಸೌತೆ ಹುಳಿ, ಬೋಳುಹುಳಿ, ಪಲ್ಯ, ತಿರುಳಿನ ದೋಸೆ, ಬೀಜದ ಸಾರು. ಹೆಂಡತಿ ಒಂದು ದಿನ, “ನಿಮ್ಮ ನ್ಯಾಯ ನನಗೆ ಅಜೀರ್ಣವಾಗಿದೆ” ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಪಕ್ಕದ ಮನೆಯ ಅಕ್ಕನ ಬಸಳೆ ಚಪ್ಪರ ನಮ್ಮ ಬೇಲಿಗೇ ತಾಗಿದೆ. ವರ್ಷವಿಡೀ ಅಲ್ಲಿಂದ ಬಸಳೆ ಈಚೆ ಬರುತ್ತದೆ, ನಮ್ಮ ಮಜ್ಜಿಗೆ ಆಚೆ ಹೋಗುತ್ತದೆ. ಬೆಳೆದವಳಿಗೆ ಬೆಲೆ ಸಿಗಬೇಡವೇ? ಒಂದು ಕಟ್ಟಿಗೆ ಇಪ್ಪತ್ತು ರೂಪಾಯಿ ಎಂದು ಲೆಕ್ಕ ಹಾಕಿ ನೋಟು ಚಾಚಿದೆ. “ಬಸಳೆಗೆ ರೇಟು ಉಂಟಾ ಮಾಷ್ಟ್ರೇ?” ಎಂದು ನಕ್ಕಳು. ನಾನು ಬಿಡಲಿಲ್ಲ. ನಗು ನಿಂತಿತು, ನೋಟು ಸೆರಗಿನ ಗಂಟಿಗೆ ಹೋಯಿತು.

ಮರುದಿನ ಅವಳ ಮಗಳು ಚೊಂಬಿನ ಜೊತೆ ಹತ್ತು ರೂಪಾಯಿ ಹಿಡಿದುಕೊಂಡು ಬಂದು, “ಮಜ್ಜಿಗೆಗೆ ಎಷ್ಟೂಂತ ಅಮ್ಮ ಕೇಳಿದ್ದಾರೆ” ಎಂದಳು. ಅದರ ಮರುದಿನ, ನಾವು ಬೇಕಾದಾಗೆಲ್ಲ ತರುತ್ತಿದ್ದ ಅವರ ಏಣಿಗೆ ದಿನಬಾಡಿಗೆ ಗೊತ್ತಾಯಿತು. ನಮ್ಮ ತೋಟಕ್ಕೆ ಬಿದ್ದ ಅವರ ತೆಂಗಿನಕಾಯಿ ಯಾರದು ಎಂಬ ಪ್ರಶ್ನೆ ಎದ್ದಿತು. ನಲವತ್ತು ವರ್ಷ ಯಾರಿಗೂ ಹೊಳೆಯದ ಪ್ರಶ್ನೆ!

ಆಟಿ ತಿಂಗಳು ಬರುವಾಗ ಕೋಣೆಗೆ ಬೀಗ ಹಾಕಿದೆ. ಜಗಲಿಯಲ್ಲಿ ಅರುವತ್ತು ಸೌತೆ ಉಳಿದಿತ್ತು. ಹೆಂಡತಿ ಒಂದು ಸಂಜೆ ಮಜ್ಜಿಗೆ ಚೊಂಬು ಹಿಡಿದು ತಾನೇ ಬೇಲಿ ದಾಟಿದಳು. ಒಂದು ಗಂಟೆ ಬಿಟ್ಟು ಬಸಳೆ ಹೊರೆಯೊಂದಿಗೆ ಬಂದಳು. ಏನು ಮಾತಾಡಿದರೋ, ನನಗೆ ಹೇಳಲಿಲ್ಲ. ಒಳಗಿನಿಂದ ನಗು ಮಾತ್ರ ಕೇಳಿಸಿತ್ತು, ಅದು ಯಾರನ್ನು ಕುರಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆ ಧೈರ್ಯದಲ್ಲಿ ನಾನು ಸುತ್ತಿನ ಇಪ್ಪತ್ತು ಮನೆಗೆ ಎರಡೆರಡು ಸೌತೆ ಚೀಲದಲ್ಲಿ ಹಾಕಿ ಕೊಟ್ಟು ಬಂದೆ. ಪುಕ್ಕಟೆ. ಜಗಲಿ ಹಗುರಾಯಿತೆಂದು ಆರಾಮಕುರ್ಚಿಯನ್ನು ಮತ್ತೆ ಅದರ ಜಾಗಕ್ಕೆ ಎಳೆದೆ. ಆದರೆ ನಮ್ಮ ಕಡೆ ಚೀಲವನ್ನು ಖಾಲಿ ಹಿಂದೆ ಕಳಿಸುವ ಪದ್ಧತಿ ಇಲ್ಲ. ಒಂದು ಚೀಲದಲ್ಲಿ ಕಣಿಲೆ ಬಂತು, ಒಂದರಲ್ಲಿ ಪತ್ರೊಡೆಗೆಂದು ಕೆಸುವಿನ ಎಲೆ, ಮೂರು ಚೀಲದಲ್ಲಿ ಹಲಸಿನ ಹಪ್ಪಳ. ಉಳಿದ ಹದಿನೈದರಲ್ಲಿ, ನಮ್ಮದಕ್ಕಿಂತ ದೊಡ್ಡ, ಬೂದಿ ಹಚ್ಚಿ ಒಪ್ಪವಾಗಿ ಇಟ್ಟ, ಎರಡೆರಡು ಸೌತೆಕಾಯಿ.

ಕಟ್ಟಲು ಏಣಿ ತರಬೇಕಿತ್ತು. ಬೇಲಿಯ ಬಳಿ ನಿಂತು, “ಅಕ್ಕಾ, ಏಣಿಗೆ ದಿನಕ್ಕೆ ಎಷ್ಟೂಂತ...” ಎನ್ನುವಷ್ಟರಲ್ಲಿ ಹಿಂದಿನಿಂದ ಬಂದ ಹೆಂಡತಿ ನನ್ನ ಬಾಯಿಗೆ ಒಂದು ಹಪ್ಪಳ ತುರುಕಿದಳು.